ಪ್ಲಾಸ್ಟಿಕ್ ಕಸ: ಅವರ ಹೊಣೆ, ನಮ್ಮ ಹೊಣೆ

ಮಳೆಗಾಲ ಹತ್ತಿರವಾದಂತೆ ಜಿಲ್ಲೆಯ ಪೇಟೆಬೀದಿಗಳಲ್ಲಿ ಒಂದು ದೃಶ್ಯ ವರ್ಷವರ್ಷವೂ ತಪ್ಪದೆ ಕಾಣಸಿಗುತ್ತದೆ. ಆರೋಗ್ಯ ಶಾಖೆಯ ಜೀಪು ಬಂದು ನಿಲ್ಲುತ್ತದೆ. ನಾಲ್ಕಾರು ಜನ ಇಳಿಯುತ್ತಾರೆ. ಸೊಪ್ಪು ಮಾರುವ ಹೆಂಗಸಿನ ಬುಟ್ಟಿಯಡಿಯಿಂದ ಒಂದು ಕಟ್ಟು ಕವರು, ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಿಂದ ಇನ್ನೊಂದು ಕಟ್ಟು, ಹೂವಿನವಳ ಮಡಿಲಿನಿಂದ ಮತ್ತೊಂದು, ಹೀಗೆ ಸಿಕ್ಕಿದ್ದನ್ನೆಲ್ಲ ಜಪ್ತಿ ಮಾಡಿ, ರಸೀದಿ ಹರಿದು, ದಂಡ ಕಟ್ಟಿಸಿಕೊಂಡು, ಫೋಟೋ ತೆಗೆಸಿಕೊಂಡು ಹೊರಟುಹೋಗುತ್ತಾರೆ. ಮರುದಿನ ಇಷ್ಟು ಕಿಲೋ ಪ್ಲಾಸ್ಟಿಕ್ ವಶವಾಯಿತೆಂದು ಸುದ್ದಿ ಬರುತ್ತದೆ. ವಾರ ಕಳೆಯುವುದರೊಳಗೆ ಅದೇ ಬುಟ್ಟಿಯಡಿ ಅಂಥದೇ ಇನ್ನೊಂದು ಕಟ್ಟು ಬಂದು ಕುಳಿತಿರುತ್ತದೆ.

ಆ ಎರಡನೆಯ ಕಟ್ಟು ಎಲ್ಲಿಂದ ಬಂತು? ಅದನ್ನು ಮಾಡಿದ ಯಂತ್ರ ಯಾವ ಊರಿನಲ್ಲಿದೆ? ಅದು ಯಾರ ಗೋದಾಮಿನಿಂದ, ಯಾರ ಲಾರಿಯಲ್ಲಿ ಇಲ್ಲಿಗೆ ಇಳಿಯಿತು? ಈ ಪ್ರಶ್ನೆಗಳನ್ನು ಕೇಳುವ ಜೀಪು ಮಾತ್ರ ನಮ್ಮ ಬೀದಿಯಲ್ಲಿ ಕಾಣಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ದಂಡ ತೆತ್ತ ಸಣ್ಣ ವರ್ತಕರ ಸಿಟ್ಟು ನ್ಯಾಯವಾದದ್ದು ಎಂದೇ ನಾವು ಹೇಳುತ್ತೇವೆ. ಆದರೆ ಸಿಟ್ಟಿನಿಂದ ಚರಂಡಿ ಸ್ವಚ್ಛವಾಗುವುದಿಲ್ಲ. ಆದುದರಿಂದ ಈ ವಾರ ನಮ್ಮ ಓದುಗರ ಮುಂದೆ ಎರಡು ಮಾತುಗಳನ್ನು ಇಡಬಯಸುತ್ತೇವೆ. ಮೊದಲನೆಯದು ದೊಡ್ಡವರು ಹೊರಬೇಕಾದ ಹೊಣೆಯ ಮಾತು. ಎರಡನೆಯದು ನಮ್ಮ ಮನೆ, ಅಂಗಡಿ, ಗಿರಣಿಗಳಲ್ಲಿ ಯಾರ ಅಪ್ಪಣೆಗೂ ಕಾಯದೆ ನಾವೇ ಮಾಡಬಹುದಾದ ಕೆಲಸದ ಮಾತು. ಒಂದನ್ನು ನೆಪ ಮಾಡಿಕೊಂಡು ಇನ್ನೊಂದನ್ನು ಬಿಡುವುದು ಸರಿಯಲ್ಲ.

ಈ ಕಸದ ಫಲವನ್ನು ಉಣ್ಣುವವರು ಯಾರೆಂಬುದನ್ನು ಮೊದಲು ನೋಡೋಣ. ಚರಂಡಿಯ ಬಾಯಿಗೆ ಕವರು, ಬಾಟಲಿ, ಗುಟ್ಕಾ ಚೀಟಿಗಳು ಸಿಕ್ಕಿಕೊಂಡು ಮಳೆಯ ನೀರು ಹಿಂದಕ್ಕೆ ಮರಳಿದಾಗ ನೀರು ನುಗ್ಗುವುದು ಎತ್ತರದ ಬಡಾವಣೆಯ ಬಂಗಲೆಗಲ್ಲ, ತಗ್ಗಿನ ಓಣಿಯ ಕೂಲಿಯವನ ಮನೆಗೆ. ನೀರು ನಿಂತಲ್ಲಿ ಸೊಳ್ಳೆ, ಸೊಳ್ಳೆಯ ಹಿಂದೆ ಡೆಂಗೆ ಜ್ವರ, ಜ್ವರದ ಹಿಂದೆ ಕೂಲಿ ತಪ್ಪಿದ ಎಂಟು ದಿನ. ಅನ್ನದ ಮುಸುರೆಯನ್ನು ಕವರಿನಲ್ಲಿ ಗಂಟು ಕಟ್ಟಿ ಬೀದಿಗೆ ಎಸೆದರೆ ಬಡವನ ಹಸು ಅದನ್ನು ಗಂಟು ಸಮೇತ ನುಂಗುತ್ತದೆ. 2019ರಲ್ಲಿ ಚೆನ್ನೈನ ಪಶುವೈದ್ಯ ಕಾಲೇಜಿನ ವೈದ್ಯರು ಒಂದು ಹಸುವಿನ ಹೊಟ್ಟೆಯಿಂದ 52 ಕಿಲೋ ಪ್ಲಾಸ್ಟಿಕ್ ಹೊರತೆಗೆದರು. ಶಸ್ತ್ರಚಿಕಿತ್ಸೆಯ ಭಾಗ್ಯ ಎಷ್ಟು ಹಸುಗಳಿಗೆ ಸಿಕ್ಕೀತು? ಉಳಿದವು ಹೊಟ್ಟೆ ಉಬ್ಬಿ, ಮೇವು ಬಿಟ್ಟು, ಕೊಟ್ಟಿಗೆಯಲ್ಲೇ ಸಾಯುತ್ತವೆ. ಹಾಲು ಮಾರಿ ಸಂಸಾರ ತೂಗಿಸುವ ಮನೆಗೆ ಅದು ಬರಸಿಡಿಲು.

ಈ ಪಿಡುಗು ಅನಾದಿಯಿಂದ ಬಂದದ್ದಲ್ಲ. ಬೇಕಲೈಟ್ ಎಂಬ ಮೊದಲ ಕೃತಕ ಪ್ಲಾಸ್ಟಿಕ್ ಹುಟ್ಟಿದ್ದು 1907ರಲ್ಲಿ. ಇಂದು ಕವರಾಗಿ ನಮ್ಮ ಕೈಯಲ್ಲಿ ತೂಗಾಡುವ ಪಾಲಿಥೀನ್ ಇಂಗ್ಲೆಂಡಿನ ಒಂದು ಪ್ರಯೋಗಶಾಲೆಯಲ್ಲಿ 1933ರಲ್ಲಿ ಆಕಸ್ಮಿಕವಾಗಿ ಕಣ್ಣಿಗೆ ಬಿತ್ತು. ಎರಡು ಹಿಡಿಕೆಯ ತೆಳು ಚೀಲದ ಪೇಟೆಂಟನ್ನು ಸ್ವೀಡನ್ನಿನ ಕಂಪನಿಯೊಂದು ಪಡೆದದ್ದು 1965ರಲ್ಲಿ. ನಮ್ಮ ಪೇಟೆಗಳಿಗೆ ಅದು ಕಾಲಿಟ್ಟದ್ದು ಅದಕ್ಕೂ ಎಷ್ಟೋ ವರ್ಷಗಳ ಮೇಲೆ. ಗಿರಣಿಯ ಸಿಳ್ಳೆಗೆ ಎದ್ದು ಪಾಳಿಗೆ ಹೋಗುತ್ತಿದ್ದ ಹಿರಿಯರು ಇಂದಿಗೂ ನಮ್ಮ ನಡುವೆ ಇದ್ದಾರೆ. ಅವರನ್ನು ಕೇಳಿ ನೋಡಿ. ಸಂತೆಗೆ ಹೊರಟರೆ ಕಂಕುಳಲ್ಲಿ ಬಟ್ಟೆ ಚೀಲ, ಎಣ್ಣೆಗೆ ಕೊರಳಿಗೆ ಹುರಿ ಕಟ್ಟಿದ ಸೀಸೆ, ಬೆಲ್ಲಕ್ಕೆ ಎಲೆ, ಬೇಳೆಗೆ ಕಾಗದದ ಪೊಟ್ಟಣ, ಮಾಂಸಕ್ಕೆ ಮುತ್ತುಗದ ಎಲೆ, ಹೂವಿಗೆ ಬಾಳೆಯ ಎಲೆ. ಸೋಡಾ ಕುಡಿದವನು ಸೀಸೆಯನ್ನು ಅಂಗಡಿಯಲ್ಲೇ ಬಿಟ್ಟು ಬರುತ್ತಿದ್ದ. ಆಗ ಬಡತನ ಇರಲಿಲ್ಲವೆಂದಾಗಲಿ, ಆ ಕಾಲವೇ ಚಂದವೆಂದಾಗಲಿ ನಾವು ಹೇಳುತ್ತಿಲ್ಲ. ಕವರಿಲ್ಲದೆ ವ್ಯಾಪಾರವೇ ನಡೆಯದೆಂಬ ಮಾತು ಸುಳ್ಳೆಂದಷ್ಟೇ ನಾವು ಹೇಳುವುದು.

ಲೋಕದ ಲೆಕ್ಕ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಅಮೆರಿಕದ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಲೆಕ್ಕದಂತೆ 2015ರವರೆಗೆ ಪ್ರಪಂಚದಲ್ಲಿ ತಯಾರಾದ ಪ್ಲಾಸ್ಟಿಕ್ ಸುಮಾರು 830 ಕೋಟಿ ಟನ್. ಅದರಲ್ಲಿ ಸುಮಾರು 630 ಕೋಟಿ ಟನ್ ಆಗಲೇ ಕಸವಾಗಿತ್ತು. ಆ ಕಸದಲ್ಲಿ ಮತ್ತೆ ಬಳಕೆಗೆ ಕರಗಿದ್ದು ನೂರಕ್ಕೆ 9 ಪಾಲು, ಸುಟ್ಟದ್ದು 12 ಪಾಲು, ಉಳಿದ 79 ಪಾಲು ನೆಲದಲ್ಲಿ, ನೀರಿನಲ್ಲಿ, ತಿಪ್ಪೆಯಲ್ಲಿ ಹಾಗೆಯೇ ಬಿದ್ದಿದೆ. ನಮ್ಮ ದೇಶದಲ್ಲಿ 2019-20ನೆಯ ಒಂದೇ ವರ್ಷದಲ್ಲಿ ಸುಮಾರು 34.7 ಲಕ್ಷ ಟನ್ ಪ್ಲಾಸ್ಟಿಕ್ ಕಸ ಉತ್ಪತ್ತಿಯಾಯಿತೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ ವರದಿ ಮಾಡಿದೆ. ಮಾಡಿದ್ದನ್ನೆಲ್ಲ ಕರಗಿಸಿ ಮತ್ತೆ ಮಾಡುತ್ತೇವೆಂಬ ಕಂಪನಿಗಳ ಆಶ್ವಾಸನೆಗೆ ಈ ಅಂಕಿಗಳ ಮುಂದೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಓದುಗರೇ ನಿರ್ಧರಿಸಲಿ.

ಇನ್ನು ಕಾನೂನಿನ ಕಥೆ. ನಮ್ಮಲ್ಲಿ ಕಾನೂನಿಗೆ ಬರವಿಲ್ಲ. 1999ರಲ್ಲಿ ಕವರು 20 ಮೈಕ್ರಾನಿಗಿಂತ ತೆಳ್ಳಗಿರಬಾರದೆಂದರು. 2011ರಲ್ಲಿ 40 ಎಂದರು, 2016ರಲ್ಲಿ 50, 2021ರ ಸೆಪ್ಟೆಂಬರ್ ಕೊನೆಗೆ 75, 2022ರ ಡಿಸೆಂಬರ್ 31ರಿಂದ 120. ಕರ್ನಾಟಕ ಸರ್ಕಾರವಂತೂ 2016ರ ಮಾರ್ಚ್ 11ರಂದು ಒಂದು ಹೆಜ್ಜೆ ಮುಂದೆ ಹೋಗಿ, ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಊಟದ ಮೇಜಿಗೆ ಹಾಸುವ ಹಾಳೆ, ಬ್ಯಾನರು, ಫ್ಲೆಕ್ಸ್, ತೋರಣಗಳನ್ನೆಲ್ಲ ನಿಷೇಧಿಸಿತು. ಒಮ್ಮೆ ಬಳಸಿ ಬಿಸಾಡುವ ಹಲವು ವಸ್ತುಗಳ ಮೇಲಿನ ಕೇಂದ್ರದ ನಿಷೇಧ 2022ರ ಜುಲೈ 1ರಿಂದ ಜಾರಿಗೆ ಬಂತು. ಮೈಕ್ರಾನ್ ಹೆಚ್ಚಿಸಿದ್ದರ ಉದ್ದೇಶ ಒಳ್ಳೆಯದೇ. ದಪ್ಪ ಚೀಲಕ್ಕೆ ಬೆಲೆ ಹೆಚ್ಚಾದರೆ ಪುಕ್ಕಟೆ ಕೊಡುವವರಿಲ್ಲ, ಕೊಂಡವನು ಮತ್ತೆ ಮತ್ತೆ ಬಳಸುತ್ತಾನೆ, ಹರಿದಾಗ ಚಿಂದಿ ಆಯುವವರು ತೂಕಕ್ಕೆ ಎತ್ತಿಕೊಳ್ಳುತ್ತಾರೆ ಎಂಬ ಲೆಕ್ಕ. ಆದರೆ ದಪ್ಪ ಚೀಲವನ್ನೂ ಒಮ್ಮೆ ಬಳಸಿ ಎಸೆದರೆ ಕಸದ ತೂಕ ಹೆಚ್ಚುವುದೇ ಹೊರತು ಕಡಿಮೆಯಾಗದು. ಅಲ್ಲದೆ ಮೈಕ್ರಾನ್ ಅಳೆಯುವ ಉಪಕರಣ ಯಾವ ಸೊಪ್ಪಿನವಳ ಬಳಿ ಇದೆ? ಸಗಟು ವ್ಯಾಪಾರಿ ಇದು ಕಾನೂನಿನದೇ ಎಂದು ಹೇಳಿ ಕೊಟ್ಟದ್ದನ್ನು ನಂಬಿ ತಂದವಳು ದಂಡ ತೆರುತ್ತಾಳೆ.

ದೊಡ್ಡವರ ಪಾಲಿಗೆ ಇದೇ ಕಾನೂನು ಹೇಗೆ ಬಾಗಿತೆಂಬುದನ್ನೂ ಹೇಳಲೇಬೇಕು. ಶಾಂಪೂ, ಚಿಪ್ಸು, ಬಿಸ್ಕತ್ತು, ಸಾಂಬಾರ ಪುಡಿಗಳ ಹೊಳೆಯುವ ಪಾಕೀಟು ಪ್ಲಾಸ್ಟಿಕ್ಕಿನ ಮೇಲೆ ಲೋಹದ ಲೇಪ, ಅದರ ಮೇಲೆ ಮತ್ತೆ ಪ್ಲಾಸ್ಟಿಕ್, ಹೀಗೆ ಪದರ ಪದರವಾಗಿ ಅಂಟಿಸಿದ್ದು. ಅದನ್ನು ಬಿಡಿಸಿ ಕರಗಿಸುವುದು ಗುಜರಿಯವನಿಗೆ ಗಿಟ್ಟದು, ಆದುದರಿಂದ ಅದನ್ನು ಯಾರೂ ಆಯುವುದಿಲ್ಲ. ಮರುಬಳಕೆಗೆ ಬಾರದ ಇಂಥ ಪದರದ ಪ್ಲಾಸ್ಟಿಕ್ಕನ್ನು ಎರಡು ವರ್ಷದೊಳಗೆ ನಿಲ್ಲಿಸಬೇಕೆಂದು 2016ರ ನಿಯಮ ಹೇಳಿತ್ತು. ಎರಡು ವರ್ಷ ತುಂಬಿದಾಗ, 2018ರಲ್ಲಿ, ಆಗಿದ್ದೇನು? ಪಾಕೀಟು ನಿಲ್ಲಲಿಲ್ಲ, ನಿಯಮದ ಮಾತೇ ಬದಲಾಯಿತು. ಸುಟ್ಟು ಶಾಖ ಪಡೆಯಲು ಬರುವಂಥದು, ಬೇರೆ ಯಾವುದಾದರೂ ಉಪಯೋಗಕ್ಕೆ ಬರುವಂಥದು ಆ ಕಟ್ಟಳೆಯಿಂದ ಪಾರಾಯಿತು. ಸಿಮೆಂಟ್ ಗೂಡಿನಲ್ಲಿ ಉರಿಯದ ಪ್ಲಾಸ್ಟಿಕ್ ಯಾವುದಿದೆ? ಹೀಗೆ ಒಂದೆರಡು ಪದಗಳ ತಿದ್ದುಪಡಿಯಿಂದ ಸಾವಿರಾರು ಕೋಟಿಯ ವ್ಯವಹಾರ ಉಳಿದುಕೊಂಡಿತು. ಸೊಪ್ಪಿನವಳಿಗಾಗಿ ಅಂಥ ಒಂದು ಪದವನ್ನು ಯಾರೂ ತಿದ್ದಲಿಲ್ಲ.

ಪ್ಲಾಸ್ಟಿಕ್ ಹೊದಿಕೆಯಲ್ಲಿ ಸರಕು ಮಾರುವವನೇ ಅಷ್ಟು ತೂಕದ ಕಸವನ್ನು ಹಿಂದಕ್ಕೆ ಪಡೆದು ವಿಲೇವಾರಿ ಮಾಡಿಸಬೇಕೆಂಬ ತತ್ವ ನಮ್ಮ ನಿಯಮಗಳಲ್ಲಿ ಸೇರಿದೆ. ತತ್ವ ಸರಿಯಾದದ್ದೇ. 2022ರ ಫೆಬ್ರುವರಿಯಲ್ಲಿ ಅದಕ್ಕೆ ವಿವರವಾದ ಮಾರ್ಗಸೂಚಿಯೂ ಬಂತು. ಕಂಪನಿ ತಾನೇ ಕಸ ಎತ್ತಬೇಕೆಂದಿಲ್ಲ. ಎತ್ತಿ ಕರಗಿಸಿದವರಿಂದ ಪ್ರಮಾಣಪತ್ರ ಕೊಂಡರೆ ಸಾಕು ಎಂಬ ಏರ್ಪಾಡು. ಪ್ರಮಾಣಪತ್ರವೇ ಸರಕಾದ ಮೇಲೆ ಕಲಬೆರಕೆ ಆಗದಿದ್ದೀತೆ? ಮಹಾರಾಷ್ಟ್ರ, ಗುಜರಾತ್ ಮತ್ತು ನಮ್ಮ ಕರ್ನಾಟಕದ ನಾಲ್ಕು ಘಟಕಗಳು 6 ಲಕ್ಷಕ್ಕೂ ಹೆಚ್ಚು ಸುಳ್ಳು ಪ್ರಮಾಣಪತ್ರ ಸೃಷ್ಟಿಸಿದ್ದುದು 2023ರಲ್ಲಿ ಕೇಂದ್ರ ಮಂಡಳಿಯ ತಪಾಸಣೆಯಲ್ಲೇ ಹೊರಬಿತ್ತು. ಲೋಕದ ಮಟ್ಟದಲ್ಲೂ ಇದೇ ಪಾಡು. ಪ್ಲಾಸ್ಟಿಕ್ ಮಾಲಿನ್ಯ ತಡೆಯಲು ಒಂದು ಒಪ್ಪಂದ ಮಾಡಬೇಕೆಂದು 2022ರ ಮಾರ್ಚಿನಲ್ಲಿ ನೈರೋಬಿಯಲ್ಲಿ ರಾಷ್ಟ್ರಗಳು ನಿರ್ಣಯಿಸಿದವು. 2024ರ ಕೊನೆಗೆ ದಕ್ಷಿಣ ಕೊರಿಯಾದ ಬುಸಾನಿನಲ್ಲೂ 2025ರ ಆಗಸ್ಟಿನಲ್ಲಿ ಜಿನೀವಾದಲ್ಲೂ ಸೇರಿದ ಸಭೆಗಳು ಒಮ್ಮತವಿಲ್ಲದೆ ಚದುರಿದವು. ಉತ್ಪಾದನೆಗೇ ಮಿತಿ ಹಾಕಬೇಕೆಂಬ ಮಾತಿಗೆ ತೈಲ ಮಾರುವ ರಾಷ್ಟ್ರಗಳು ಒಪ್ಪಲಿಲ್ಲ. ಪ್ಲಾಸ್ಟಿಕ್ ಹುಟ್ಟುವುದೇ ತೈಲದಿಂದ, ಅನಿಲದಿಂದ ಎಂಬುದನ್ನು ನೆನೆದರೆ ಇದರ ಗುಟ್ಟು ತಿಳಿಯುತ್ತದೆ.

ಹಾಗಾದರೆ ದೊಡ್ಡವರು ಸರಿಯಾಗುವ ತನಕ ನಾವು ಕೈಕಟ್ಟಿ ಕೂರುವುದೆ? ಕೂಡದು. ನಮ್ಮ ಪಾಲು ಚಿಕ್ಕದೆಂದು ಹೇಳಿಕೊಂಡು ತಪ್ಪಿಸಿಕೊಳ್ಳುವವರಿಗೆ ಒಂದು ಸರಳ ಲೆಕ್ಕ ಹೇಳುತ್ತೇವೆ. ಒಂದು ಮನೆಗೆ ದಿನಕ್ಕೆ ನಾಲ್ಕು ಕವರು ಬರುತ್ತವೆ ಎಂದಿಟ್ಟುಕೊಳ್ಳಿ: ತರಕಾರಿಗೆ ಒಂದು, ಹೂವಿಗೆ ಒಂದು, ಕಿರಾಣಿಗೆ ಒಂದು, ಸಂಜೆಯ ಮಿರ್ಚಿ ಮಂಡಕ್ಕಿಗೆ ಒಂದು. ವರ್ಷಕ್ಕೆ 1,460 ಆಯಿತು. ನೂರು ಮನೆಯ ಓಣಿಗೆ 1,46,000. ಆ ಓಣಿಯ ಚರಂಡಿ ಯಾಕೆ ಕಟ್ಟಿತೆಂದು ಕೇಳಲು ಬೇರೆ ಪಂಚಾಂಗ ಬೇಕಿಲ್ಲ. ಈ ಕವರನ್ನು ಯಾವ ಬಂಡವಾಳಗಾರನೂ ನಮ್ಮ ಕೈಗೆ ಬಲವಂತವಾಗಿ ತುರುಕುತ್ತಿಲ್ಲ. ಚೀಲ ಮರೆತು ಬರುವವರು ನಾವು, ಕವರು ಕೊಡದಿದ್ದರೆ ಪಕ್ಕದಂಗಡಿಗೆ ಹೋಗುವವರೂ ನಾವೇ.

ಮೊದಲು ಮನೆಯನ್ನು ತೆಗೆದುಕೊಳ್ಳೋಣ. ಹಳೆಯ ಸೀರೆ, ಪಂಚೆ, ಹರಿದ ಪ್ಯಾಂಟು ಎಲ್ಲ ಮನೆಯಲ್ಲೂ ಇವೆ. ಓಣಿಯ ಟೈಲರಿಗೆ ಕೊಟ್ಟರೆ ಅಲ್ಪಸ್ವಲ್ಪ ಕೂಲಿಯಲ್ಲಿ ನಾಲ್ಕು ಚೀಲ ಹೊಲಿದುಕೊಟ್ಟಾನು. ಒಂದನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿ, ಒಂದನ್ನು ಸೈಕಲ್ಲಿಗೆ ಇಲ್ಲವೆ ಸ್ಕೂಟರಿನ ಪೆಟ್ಟಿಗೆಗೆ ಹಾಕಿ, ಒಂದನ್ನು ಪಾಳಿಗೆ ಒಯ್ಯುವ ಬುತ್ತಿಯೊಡನೆ ಮಡಿಸಿಡಿ. ಚೀಲ ಇದ್ದೂ ಮನೆಯಲ್ಲಿ ಮರೆತು ಬರುವುದೇ ನಮ್ಮ ದೊಡ್ಡ ರೋಗ. ಅದಕ್ಕೆ ಇದೇ ಮದ್ದು. ಕೋಳಿ, ಮೀನು ತರಲು ಸ್ಟೀಲ್ ಡಬ್ಬಿ ಒಯ್ಯಿರಿ, ರಕ್ತ ಸೋರುವ ಕವರಿಗಿಂತ ಅದು ಎಷ್ಟೋ ಶುಚಿ. ಹಾಲಿನ ಪಾಕೀಟು ಕತ್ತರಿಸುವಾಗ ಮೂಲೆಯನ್ನು ಪೂರ್ತಿ ತುಂಡರಿಸಬೇಡಿ, ಅರ್ಧ ಸೀಳಿ ಅಲ್ಲಿಯೇ ಅಂಟಿಕೊಂಡಿರಲು ಬಿಡಿ. ಆ ಚೂರು ಯಾರ ಕೈಗೂ ಸಿಗದೆ ಚರಂಡಿ ಸೇರುವಂಥದು. ಖಾಲಿ ಪಾಕೀಟನ್ನು ತೊಳೆದು ಒಣಗಿಸಿ ಕೂಡಿಟ್ಟರೆ ಗುಜರಿಯವನು ದುಡ್ಡು ಕೊಟ್ಟು ಒಯ್ಯುತ್ತಾನೆ. ಮುಸುರೆ ಬಡಿದ ಪಾಕೀಟನ್ನು ಅವನೂ ಮುಟ್ಟುವುದಿಲ್ಲ.

ಮನೆಯ ತಾಯಂದಿರಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇವೆ. ಬೆಳಗ್ಗೆ ಹಂಡೆಯೊಲೆ ಹೊತ್ತಿಸಲು ಸೌದೆಯ ಕೆಳಗೆ ಒಂದು ಕವರು ತುರುಕಿ ಕಡ್ಡಿ ಗೀರುವ ಅಭ್ಯಾಸ ನಮ್ಮಲ್ಲಿ ಬಹಳ ಮನೆಗಳಲ್ಲಿದೆ. ಬೇಗ ಹೊತ್ತುತ್ತದೆ, ನಿಜ. ಆದರೆ ಕಸದ ಪ್ಲಾಸ್ಟಿಕ್ಕಿನಲ್ಲಿ ಯಾವುದು ಯಾವ ಬಗೆಯದೆಂದು ಕಣ್ಣಿಗೆ ತಿಳಿಯದು. ಪಿವಿಸಿ ಸೇರಿದ್ದರೆ ಆ ಹೊಗೆಯಲ್ಲಿ ಗಂಟಲು ಸುಡುವ ಆಮ್ಲದ ಆವಿಯ ಜೊತೆಗೆ ಡಯಾಕ್ಸಿನ್ ಎಂಬ ವಿಷವೂ ಹುಟ್ಟುತ್ತದೆ. ಬಚ್ಚಲಲ್ಲಿ ಮೊದಲು ಅದನ್ನು ಕುಡಿಯುವುದು ಒಲೆಯ ಮುಂದೆ ಕೂತ ಹೆಣ್ಣುಮಗಳು, ಆಮೇಲೆ ಸ್ನಾನಕ್ಕೆ ಕಾದ ಮಗು. ತೆಂಗಿನ ಗರಿ, ಕರಟ, ಒಣ ಸಿಪ್ಪೆ ಸಾಲದೆ? ಬೀದಿಯ ಮೂಲೆಯಲ್ಲಿ ಕಸಕ್ಕೆ ಬೆಂಕಿ ಇಡುವವರಿಗೂ ಇದೇ ಮಾತು ಸಲ್ಲುತ್ತದೆ.

ಇನ್ನು ಅಂಗಡಿ. ಕವರಿನ ಖರ್ಚು ಯಾರದ್ದೆಂದು ನಮ್ಮ ವರ್ತಕ ಮಿತ್ರರು ಒಮ್ಮೆ ಚೀಟಿಯಲ್ಲಿ ಬರೆದು ನೋಡಲಿ. ಗಿರಾಕಿ ಅದಕ್ಕೆ ಕಾಸು ಕೊಡುವುದಿಲ್ಲ, ಕಂಪನಿಯೂ ಕೊಡುವುದಿಲ್ಲ. ಅದು ನೇರವಾಗಿ ಅಂಗಡಿಕಾರನ ಲಾಭದಿಂದ ಹೋಗುತ್ತದೆ, ದಂಡ ಬಿದ್ದರೆ ಅದೂ ಹೋಗುತ್ತದೆ. ಒಬ್ಬನೇ ನಿಲ್ಲಿಸಿದರೆ ಗಿರಾಕಿ ಪಕ್ಕದಂಗಡಿಗೆ ಹೋದಾನೆಂಬ ಭಯವೂ ಸುಳ್ಳಲ್ಲ. ಆದುದರಿಂದ ಈ ಕೆಲಸ ಒಬ್ಬಂಟಿಯಾಗಿ ಆಗದು, ಬೀದಿಯೇ ಒಟ್ಟಾಗಿ ಮಾಡಬೇಕು. ಒಂದು ಬೀದಿಯ ಅಂಗಡಿಗಳು ಕೂಡಿ ಇಂಥ ದಿನದಿಂದ ಯಾರೂ ಕವರು ಕೊಡುವುದಿಲ್ಲವೆಂದು ಹಲಗೆ ಬರೆದು ಹಾಕಲಿ. ಮರೆತು ಬಂದವನಿಗೆ ಬಟ್ಟೆ ಚೀಲ ಕೊಟ್ಟು ಠೇವಣಿ ಪಡೆಯಲಿ, ಚೀಲ ಮರಳಿ ತಂದಾಗ ಠೇವಣಿ ಹಿಂದಿರುಗಿಸಲಿ. ಇದು ಕನಸಿನ ಮಾತಲ್ಲ. ನೀಲಗಿರಿಯಲ್ಲಿ ಮದ್ಯದ ಸೀಸೆ ಕಾಡಿನಲ್ಲಿ ಒಡೆದು ಆನೆಗಳ ಕಾಲಿಗೆ ಚುಚ್ಚುತ್ತದೆಂದು ಮದರಾಸು ಹೈಕೋರ್ಟು ಕಟ್ಟಪ್ಪಣೆ ಮಾಡಿದ ಮೇಲೆ, 2022ರಿಂದ ಸೀಸೆಯೊಂದಕ್ಕೆ 10 ರೂಪಾಯಿ ಹೆಚ್ಚಿಗೆ ಪಡೆದು, ಖಾಲಿ ಸೀಸೆ ತಂದರೆ ಹಿಂದಕ್ಕೆ ಕೊಡುವ ಪದ್ಧತಿ ಬಂತು. ಬಹುಪಾಲು ಸೀಸೆಗಳು ಮರಳಿ ಬಂದವು. ಕುಡಿದವನಿಗೇ 10 ರೂಪಾಯಿಯ ನೆನಪು ಇರುವುದಾದರೆ ಬೇಳೆ ಕೊಳ್ಳುವ ಗೃಹಿಣಿಗೆ ಇರದೆ?

ತಮಿಳುನಾಡಿನಲ್ಲಿ 2021ರ ಡಿಸೆಂಬರಿನಿಂದ ಹಳದಿ ಬಟ್ಟೆಚೀಲವನ್ನು ಮತ್ತೆ ಬಳಕೆಗೆ ತರುವ ಆಂದೋಲನವನ್ನು ಸರ್ಕಾರವೇ ಹೂಡಿತು. ಒಂದು ಕಾಲಕ್ಕೆ ಹಳ್ಳಿಗಾಡಿನ ಗುರುತೆಂದು ನಗೆಗೀಡಾಗಿದ್ದ ಚೀಲ ಅದು. ನಮ್ಮಲ್ಲಿ ಅಂಥ ಚಳವಳಿ ನಡೆದರೆ ಲಾಭ ಚರಂಡಿಗೆ ಮಾತ್ರವಲ್ಲ. ಚೀಲಕ್ಕೆ ಬಟ್ಟೆ ಬೇಕು, ಬಟ್ಟೆಗೆ ನೂಲು ಬೇಕು, ಹೊಲಿಯಲು ಕೈ ಬೇಕು. ಬಾಗಿಲು ಮುಚ್ಚಿದ ಹತ್ತಿ ಗಿರಣಿಗಳ ಗೋಡೆಗಳನ್ನು ಕಂಡ ಊರಿನವರಿಗೆ ಇದರ ಬೆಲೆ ಬೇರೆ ಹೇಳಬೇಕಿಲ್ಲ. ಮಹಿಳಾ ಸಂಘಗಳಿಗೆ ಹೊಲಿಗೆಯ ಕೆಲಸ, ಮಗ್ಗಗಳಿಗೆ ಬೇಡಿಕೆ ಬರುತ್ತದೆ. ಆದರೆ ಇಲ್ಲೊಂದು ಮೋಸವಿದೆ, ಎಚ್ಚರವಿರಲಿ. ಬಟ್ಟೆಯಂತೆಯೇ ಕಾಣುವ, ಬಣ್ಣಬಣ್ಣದ ನಾನ್‌ವೋವನ್ ಚೀಲಗಳನ್ನು ಬಟ್ಟೆಚೀಲವೆಂದು ಮಾರುತ್ತಾರೆ. ಅದು ನೂತದ್ದೂ ಅಲ್ಲ, ನೇಯ್ದದ್ದೂ ಅಲ್ಲ. ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕೇ. ಒಂದು ಎಳೆ ಎಳೆದು ನೋಡಿ, ದಾರ ಬರುವುದಿಲ್ಲ. ಗಿರಣಿಯಲ್ಲಿ ಬಾಳು ಸವೆಸಿದವರನ್ನು ಬಟ್ಟೆಯ ವಿಷಯದಲ್ಲಿ ಯಾರೂ ಮೋಸ ಮಾಡಬಾರದು.

ಕಾಗದದ ಪೊಟ್ಟಣದ ಬಗ್ಗೆಯೂ ಒಂದು ಮಾತು. ಈ ಪತ್ರಿಕೆಯನ್ನು ಓದಿ ಮುಗಿಸಿದ ಮೇಲೆ ಸಾಬೂನು, ಮೊಳೆ, ಊದುಬತ್ತಿ ಕಟ್ಟಲು ಧಾರಾಳವಾಗಿ ಬಳಸಿ. ಬಿಸಿ ಬಜ್ಜಿಯನ್ನು ಮಾತ್ರ ಇದರಲ್ಲಿ ಕಟ್ಟಬೇಡಿ, ಮುದ್ರಣದ ಶಾಯಿ ಎಣ್ಣೆಗೆ ಇಳಿಯುತ್ತದೆ. ನಮ್ಮ ವಿಚಾರ ತಲೆಗೆ ಹೋಗಲಿ, ಶಾಯಿ ಹೊಟ್ಟೆಗೆ ಹೋಗುವುದು ಬೇಡ. ಹಾಗೆಯೇ ಹಳೆಯದೆಲ್ಲವೂ ಹಿಂದಿರುಗಬೇಕೆಂದು ನಾವು ಹಟ ಹಿಡಿಯುವವರಲ್ಲ. 1998ರಲ್ಲಿ ದಿಲ್ಲಿಯಲ್ಲಿ ಕಲಬೆರಕೆ ಸಾಸಿವೆ ಎಣ್ಣೆ ತಿಂದು ಜನ ಸತ್ತ ಮೇಲೆ ಬಿಡಿ ಅಡುಗೆ ಎಣ್ಣೆಯ ಮಾರಾಟಕ್ಕೆ ನಿರ್ಬಂಧ ಬಂದದ್ದು ಸಕಾರಣವಾಗಿಯೇ. ಅಕ್ಕಿ, ಬೇಳೆ, ಸಕ್ಕರೆ, ಸೋಪಿನ ಪುಡಿಗಳನ್ನು ಗಿರಾಕಿ ತಂದ ಡಬ್ಬಿಗೆ ತೂಗಿ ಹಾಕಲು ಅಂಥ ಅಡ್ಡಿಯೇನೂ ಇಲ್ಲ.

ಶಾಂಪೂ ಚೀಟಿಯ ವಿಷಯದಲ್ಲಿ ಬಡವರಿಗೆ ಬುದ್ಧಿ ಹೇಳುವವರು ಬಹಳ. ದೊಡ್ಡ ಬಾಟಲಿ ಕೊಂಡರೆ ಕಸ ಕಡಿಮೆ ಎನ್ನುತ್ತಾರೆ. ದಿನಗೂಲಿ ಕೈಗೆ ಬಂದ ಮೇಲೆ ಅಂದಂದಿನದನ್ನು ಅಂದಂದೇ ಕೊಳ್ಳುವವಳಿಗೆ ದೊಡ್ಡ ಬಾಟಲಿಯ ದುಡ್ಡು ಒಮ್ಮೆಗೆ ಎಲ್ಲಿಂದ ಬರಬೇಕು? ಬಡವನ ಕೈಯ ಖಾಲಿತನವನ್ನೇ ಲೆಕ್ಕ ಹಾಕಿ ಆ ಪಾಕೀಟನ್ನು ಹುಟ್ಟುಹಾಕಿದವರು ಕಂಪನಿಯವರು. ಅದರ ಕಸಕ್ಕೆ ಉತ್ತರ ಕೊಡಬೇಕಾದವರೂ ಅವರೇ. ನಮ್ಮಿಂದಾದದ್ದು ಸೀಗೆಪುಡಿ, ಸೋಪಿನ ಬಿಲ್ಲೆಗಳಿಗೆ ಮರಳುವುದು, ಇಲ್ಲವೆ ನಾಲ್ಕು ಮನೆ ಕೂಡಿ ದೊಡ್ಡದನ್ನು ಕೊಂಡು ಹಂಚಿಕೊಳ್ಳುವುದು.

ಗಿರಣಿ, ಕಾರ್ಖಾನೆಗಳಿಗೆ ಬರೋಣ. ಹತ್ತು ಗಂಟೆಯ ಚಹಾ ಹೇಗೆ ಬರುತ್ತದೆ? ಕುದಿಯುವ ಚಹಾವನ್ನು ತೆಳ್ಳನೆಯ ಕವರಿಗೆ ಸುರಿದು, ರಬ್ಬರು ಹಾಕಿ ಬಿಗಿದು, ಜೊತೆಗೆ ಇಪ್ಪತ್ತು ಕಾಗದದ ಲೋಟ ಕೊಟ್ಟು ಹುಡುಗನನ್ನು ಓಡಿಸುತ್ತಾರೆ. ಆ ಕಾಗದದ ಲೋಟದ ಒಳಮೈಗೂ ಪ್ಲಾಸ್ಟಿಕ್ಕಿನ ಲೇಪವಿದೆ. 100 ಮಿಲಿಲೀಟರ್ ಬಿಸಿ ದ್ರವ ಅಂಥ ಲೋಟದಲ್ಲಿ 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದಕ್ಕೆ ಇಳಿಯುತ್ತವೆಂದು ಖರಗಪುರದ ಐ.ಐ.ಟಿ.ಯ ಸಂಶೋಧಕರು 2020ರಲ್ಲಿ ಕಂಡುಕೊಂಡರು. ಪ್ರತಿಯೊಬ್ಬ ಕೆಲಸಗಾರ ತನ್ನ ಹೆಸರು ಕೊರೆದ ಸ್ಟೀಲ್ ಲೋಟವೊಂದನ್ನು ಇಟ್ಟುಕೊಂಡರೆ, ಖಾತೆಗೊಂದು ಫ್ಲಾಸ್ಕ್ ಕೊಡಿಸಿದರೆ ಈ ವಿಷವೂ ಇಲ್ಲ, ಕಸವೂ ಇಲ್ಲ. ಫ್ಲಾಸ್ಕ್, ಲೋಟ ತೊಳೆಯುವ ನಲ್ಲಿ, ಕುಡಿಯುವ ನೀರಿನ ತೊಟ್ಟಿ, ಇವು ಮಾಲೀಕರು ಒದಗಿಸಬೇಕಾದವು. ಬೋನಸ್ಸಿನ ಬೇಡಿಕೆಯ ಜೊತೆಗೆ ಇದನ್ನೂ ಒಂದು ಸಾಲು ಬರೆಯಲು ಸಂಘಗಳು ನಾಚಬೇಕಿಲ್ಲ.

ಅಕ್ಕಿ ಗಿರಣಿ, ಎಣ್ಣೆ ಗಿರಣಿಗಳ ಅಂಗಳದಲ್ಲಿ ರಾಶಿ ಬಿದ್ದಿರುವ ಪ್ಲಾಸ್ಟಿಕ್ ನೇಯ್ಗೆಯ ಚೀಲಗಳದು ಇನ್ನೊಂದು ಸಮಸ್ಯೆ. ಬಿಸಿಲಿಗೆ ಒಂದೆರಡು ವರ್ಷ ಬಿದ್ದರೆ ಅವು ಪುಡಿಪುಡಿಯಾಗಿ ಎಳೆ ಎಳೆಯಾಗಿ ಗಾಳಿಗೆ ಹಾರಿ ಹೊಲ ಸೇರುತ್ತವೆ, ಆ ಎಳೆಯನ್ನು ಮತ್ತೆ ಆಯುವುದು ಬ್ರಹ್ಮನಿಗೂ ಆಗದು. ಆಹಾರಧಾನ್ಯಗಳಿಗೆ ಸೆಣಬಿನ ಚೀಲ ಬಳಸಬೇಕೆಂದು 1987ರಲ್ಲಿಯೇ ಪಾರ್ಲಿಮೆಂಟು ಒಂದು ಶಾಸನ ಮಾಡಿತ್ತು. ಖಾಲಿ ಚೀಲಗಳನ್ನು ನೆರಳಿನಲ್ಲಿ ಕಟ್ಟಿಟ್ಟು, ಎಣಿಸಿ, ಗುಜರಿಗೆ ಇಲ್ಲವೆ ತಂದವರಿಗೇ ಮರಳಿಸುವ ಕ್ರಮವಿದ್ದರೆ ಅರ್ಧ ತೊಂದರೆ ತಪ್ಪುತ್ತದೆ. ಮಾಲೀಕನಿಗೂ ಅದರಿಂದ ನಾಲ್ಕು ಕಾಸು ಬರುತ್ತದೆ.

ಹೋಟೆಲಿನವರಿಗೆ ನಾವು ಹೇಳುವುದು ಹೆಚ್ಚಿಲ್ಲ. ಇಡ್ಲಿಯ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುವುದು ಕಂಡುಬಂದು ರಾಜ್ಯದ ಆರೋಗ್ಯ ಇಲಾಖೆ 2025ರ ಫೆಬ್ರುವರಿಯಲ್ಲಿ ಅದನ್ನು ತಡೆಯಬೇಕಾಯಿತು. ಬಟ್ಟೆ ಒಗೆಯಲು ಆಳಿಲ್ಲ, ಲೋಟ ತೊಳೆಯಲು ನೀರಿಲ್ಲವೆಂಬ ಅವರ ಕಷ್ಟ ನಿಜ. ಆದರೆ ಮುತ್ತುಗದ ಎಲೆ, ಬಾಳೆ ಎಲೆ, ಅಡಿಕೆ ಹಾಳೆಯ ತಟ್ಟೆ, ದೊನ್ನೆಗಳು ತೊಳೆಯದೆಯೂ ನಡೆಯುತ್ತವೆ. ಅವನ್ನು ಹಚ್ಚುವ ಬಡ ಹೆಂಗಸರಿಗೆ ಅದರಿಂದ ಊಟ ಹುಟ್ಟುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಉಳಿಯುವ ಕಸವನ್ನು ಎತ್ತುವವರು ಯಾರು? ಬೆಳಕು ಹರಿಯುವ ಮುಂಚೆ ಪೊರಕೆ ಹಿಡಿಯುವ ಪೌರಕಾರ್ಮಿಕರು, ಹೆಗಲಿಗೆ ಗೋಣಿ ಹಾಕಿ ಚಿಂದಿ ಆಯುವ ಹೆಣ್ಣುಮಕ್ಕಳು. ಪ್ಲಾಸ್ಟಿಕ್ ಮರುಬಳಕೆಯೆಂದು ಪುಸ್ತಕಗಳಲ್ಲಿ ಬರೆಯುವ ದೊಡ್ಡ ಮಾತಿನ ತಳದಲ್ಲಿ ಇರುವುದು ಇವರ ಬರಿಗೈ. ಪುಣೆಯಲ್ಲಿ ಹಮಾಲರನ್ನು ಸಂಘಟಿಸಿದ ಹಿರಿಯ ಸಮಾಜವಾದಿ ಬಾಬಾ ಆಢಾವ್ ಮತ್ತು ಅವರ ಸಂಗಡಿಗರು 1993ರಲ್ಲಿ ಕಾಗದ, ಗಾಜು, ಪ್ಲಾಸ್ಟಿಕ್ ಆಯುವವರ ಸಂಘ ಕಟ್ಟಿದರು. ಅದರಿಂದ ಬೆಳೆದ ಸಹಕಾರ ಸಂಸ್ಥೆ 2008ರಲ್ಲಿ ಮಹಾನಗರ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಮನೆಮನೆಯ ಕಸ ಎತ್ತುವ ಹಕ್ಕು ಪಡೆಯಿತು. ಗುತ್ತಿಗೆದಾರನ ಕೈಕೆಳಗಿನ ಕೂಲಿಗಳಾಗದೆ ಅವರು ತಮ್ಮ ದುಡಿಮೆಗೆ ತಾವೇ ಒಡೆಯರಾದರು. ಇದು ಪುಣೆಯಲ್ಲಿ ಆದದ್ದಾದರೆ ನಮ್ಮ ಊರಿನಲ್ಲಿ ಏಕಾಗದು? ಮನೆಯಲ್ಲಿಯೇ ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುವುದೆಂದರೆ ಇವರ ಕೈಗೆ ಗಾಜು, ಸೂಜಿ, ಕೊಳೆ ತಗಲದಂತೆ ನೋಡಿಕೊಳ್ಳುವುದು. ಅದನ್ನು ಉಪಕಾರವೆಂದು ಬಗೆಯಬೇಡಿ, ಕನಿಷ್ಠ ಮರ್ಯಾದೆ ಅದು. ಬೇರೆ ಮಾಡದ ಕಸ ಎಲ್ಲಿಗೆ ಹೋಗುತ್ತದೆಂಬುದನ್ನು ಬೆಂಗಳೂರಿನವರು ಕಲಿತರು. ಅವರ ಕಸವನ್ನು ವರ್ಷಗಟ್ಟಲೆ ಹೊತ್ತ ಮಾವಳ್ಳಿಪುರದ ಹಳ್ಳಿಗರು ಹೋರಾಡಿ 2012ರಲ್ಲಿ ತಿಪ್ಪೆಯ ಬಾಗಿಲು ಮುಚ್ಚಿಸಿದಾಗ ರಾಜಧಾನಿಯ ಬೀದಿಗಳು ನಾರಿದವು. ನಮ್ಮ ಕಸವೂ ಯಾವುದೋ ಒಂದು ಹಳ್ಳಿಯ ಬಾವಿಯ ಪಕ್ಕದಲ್ಲೇ ಬೀಳುತ್ತಿದೆ.

ಸ್ಥಳೀಯ ಆಡಳಿತಗಳ ಮತ್ತು ಸರ್ಕಾರದ ಮುಂದೆ ನಮ್ಮ ಬೇಡಿಕೆಗಳು ಇವು. ದಾಳಿ ಮೊದಲು ತಯಾರಿಕೆಯ ಘಟಕಕ್ಕೆ, ಎರಡನೆಯದಾಗಿ ಸಗಟು ಗೋದಾಮಿಗೆ, ಕಟ್ಟಕಡೆಗೆ ಸೊಪ್ಪಿನ ಬುಟ್ಟಿಗೆ ಆಗಲಿ. ಬೀದಿ ವ್ಯಾಪಾರಿಗೆ ಮೊದಲ ಸಲ ದಂಡದ ಬದಲು ಬಟ್ಟೆಚೀಲಗಳ ಕಟ್ಟು ಅಗ್ಗದ ದರದಲ್ಲಿ ಸಿಗಲಿ. ವಸೂಲಾದ ದಂಡದ ಲೆಕ್ಕವನ್ನು ಕಚೇರಿಯ ಹಲಗೆಯಲ್ಲಿ ತಿಂಗಳು ತಿಂಗಳು ಬರೆದು ಹಾಕಲಿ, ಆ ಹಣ ಪೌರಕಾರ್ಮಿಕರ ಕೈಗವಸು, ಬೂಟುಗಳಿಗೆ ಸಲ್ಲಲಿ. ಚಿಂದಿ ಆಯುವವರಿಗೆ ಗುರುತಿನ ಚೀಟಿಯೂ, ಒಣ ಕಸ ವಿಂಗಡಿಸಲು ಮಾಡಿನ ಜಾಗವೂ ಸಿಗಲಿ. ಪದರದ ಪಾಕೀಟು ತಯಾರಿಸುವ ಕಂಪನಿ ಪ್ರಮಾಣಪತ್ರ ತೋರಿಸಿ ಜಾರಿಕೊಳ್ಳದಂತೆ, ಅದರ ಕಸವನ್ನು ಈ ಊರಿನಿಂದಲೇ ಎತ್ತಿಸಲಿ.

ಕೊನೆಗೆ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಸಭೆ, ಮೆರವಣಿಗೆ, ಜಾತ್ರೆ, ಜಯಂತಿಗಳಲ್ಲಿ ಬೀದಿಗೆ ಅಡ್ಡಲಾಗಿ ತೂಗುವ ಫ್ಲೆಕ್ಸುಗಳಲ್ಲಿ ಎಲ್ಲ ಪಕ್ಷಗಳ ಮುಖಗಳೂ ಇವೆ, ನಮ್ಮ ಸಂಗಾತಿಗಳ ಮುಖಗಳೂ ಇವೆ. 2016ರಿಂದ ರಾಜ್ಯದಲ್ಲಿ ನಿಷಿದ್ಧವಾದದ್ದನ್ನು ಕಟ್ಟಿಕೊಂಡು ನಾವು ಯಾರಿಗೆ ನೀತಿ ಹೇಳುವುದು? ಹತ್ತಿಯ ಬಟ್ಟೆಯ ಮೇಲೆ ಕುಂಚದಿಂದ ಅಕ್ಷರ ಬರೆದು ಹೊಟ್ಟೆ ಹೊರೆಯುತ್ತಿದ್ದ ಪೇಂಟರುಗಳ ಕೆಲಸವನ್ನು ಫ್ಲೆಕ್ಸು ಕಿತ್ತುಕೊಂಡದ್ದನ್ನು ನಾವು ಸುಮ್ಮನೆ ನೋಡಿದೆವು. ಇನ್ನು ಮುಂದೆ ನಮ್ಮ ಸಭೆಗಳ ಬ್ಯಾನರು ಬಟ್ಟೆಯದೇ ಆಗಿರಬೇಕು, ಸಭೆಯಲ್ಲಿ ನೀರು ಕೊಡ ಮತ್ತು ಲೋಟದಲ್ಲೇ ಸಿಗಬೇಕು. ಹೀಗೆ ನಡೆಯದ ಸಭೆ ಕಂಡರೆ ಓದುಗರು ನಮ್ಮನ್ನು ತಡೆದು ಕೇಳಲಿ, ಈ ಪುಟದಲ್ಲಿಯೇ ಅವರ ಪತ್ರ ಅಚ್ಚಾಗುತ್ತದೆ.

ಬರುವ ಸಂತೆಯ ದಿನ ಪ್ರತಿ ಗಿರಣಿ ಕೆಲಸಗಾರನ ಕೈಯಲ್ಲೂ ಒಂದು ಬಟ್ಟೆಚೀಲ ಇರಲಿ, ಪ್ರತಿ ಅಂಗಡಿಯ ಮುಂದೆಯೂ ಕವರು ಇಲ್ಲವೆಂಬ ಹಲಗೆ ಇರಲಿ. ಜೀಪು ಬಂದಾಗ ಬುಟ್ಟಿಯಡಿ ಅಡಗಿಸಲು ಏನೂ ಇಲ್ಲದ ಸೊಪ್ಪಿನವಳು ತಲೆಯೆತ್ತಿ ನಿಂತು, ಗೋದಾಮಿಗೆ ಯಾವಾಗ ಹೋಗುತ್ತೀರಿ ಸ್ವಾಮೀ ಎಂದು ಕೇಳುವಂತಾಗಲಿ. ನಮ್ಮ ಪಾಲಿನ ಕೆಲಸ ನಾವು ಮುಗಿಸಿದ ದಿನ ಆ ಪ್ರಶ್ನೆಗೆ ಉತ್ತರ ಕೊಡದೆ ಅವರು ಜೀಪು ಹತ್ತಲಾರರು.